ಬಾಕಿ ಇದ್ದ ಒಂದು ಪ

ಪೀಣ್ಯ, ಜಯನಗರ, ಕಂಟೋನ್ಮೆಂಟು, ಮತ್ತೆ
ಹೊಸೂರು ರಸ್ತೆಯಾಚೆ ಆಕಾಶಕ್ಕೆ ಬಾಯಿ ತೆರೆದ
ದೊಡ್ಡ ತಟ್ಟೆಯ ಶೆಡ್ಡು.
ನಾಲ್ಕು ಕೋಣೆ, ಒಂದು ತಂತಿ,
ತೊಂಬತ್ತಾರರ ರಾತ್ರಿಪಾಳಿ.
ಊರಿನ ಇಂಟರ್ನೆಟ್ಟೆಲ್ಲ ಆಗ
ಬೀದಿ ನಲ್ಲಿಯ ಹಾಗೆ ಸಣ್ಣಗೆ ಬರುತ್ತಿತ್ತು,
ಬಿಂದಿಗೆಗಳ ಸಾಲು ಬೆಳಗಿನ ತನಕ.

ನಲ್ಲಿಯಿದ್ದಲ್ಲಿ ಜಗಳ ಇರಬೇಕಲ್ಲ.
ಕಾಯುತ್ತ ಕೂತವರು ನಾವು ಹಸಿರು ಪರದೆಯ ಮೇಲೆ
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದೆವು.

ಶೆಡ್ಡಿನ ಇನಾಯತ್
ಪ್ರಶ್ನೆಯ ತಲೆ ಮೇಲೆ ಉತ್ತರ ಕೂರಿಸುತ್ತಿದ್ದ.
ಜಯನಗರದ ಫಿಲೋಮಿನಾಗೆ ಮೈ ಉರಿ:
'ಮದುವೆಗೆ ಮುಂಚೆ ತೊಟ್ಟಿಲು ಕಟ್ಟೋದೇನ್ರೀ?
ಕೇಳಿದ್ದು ಮೇಲೆ, ಹೇಳೋದು ಕೆಳಗೆ.'
'ಬಲದಿಂದ ಎಡಕ್ಕೆ ಓದಿ ಬೆಳೆದವನು ಮೇಡಂ,
ಕೆಳಗಿಂದ ಮೇಲಕ್ಕೂ ಹೋಗಬಲ್ಲೆ.'

ಪೀಣ್ಯದ ಸೆಲ್ವಮಣಿ ಬರೆದದ್ದೆಲ್ಲ ದೊಡ್ಡಕ್ಷರ.
ಕೂಗಬೇಡಪ್ಪಾ ಎಂದರೆ
ಕೂಗಿಯೇ ಹೇಳಿದ: ಕೂಗುತ್ತಿಲ್ಲ,
ಕಾಫಿ ಚೆಲ್ಲಿ ಗುಂಡಿ ಅಂಟಿಕೊಂಡಿದೆ.
ಅದರ ಮೇಲೆ ಎರಡು ರಾತ್ರಿ ಚರ್ಚೆ:
ದೊಡ್ಡಕ್ಷರವೇ ಇಲ್ಲದ ನಮ್ಮ ಭಾಷೆ
ಕೂಗುವುದಾದರೂ ಹೇಗೆ?
ದೀರ್ಘ ಎಳೆದು, ಎಂದೆ ನಾನು.
ಒತ್ತು ಕೊಟ್ಟು, ಎಂದಳು ಅವಳು.

ಯುಗಾದಿಯ ರಾತ್ರಿ ಯಾರೋ ಕೇಳಿದರು,
ಒಬ್ಬಟ್ಟಿಗೆ ಹಾಲೋ ತುಪ್ಪವೋ.
ಯಾರು ಎಂದು ಇಂದಿಗೂ ಯಾರೂ ಒಪ್ಪುವುದಿಲ್ಲ.
ಹುಣಸೆಗೊಜ್ಜು ಬಂತು, ಸೀಕರಣೆ ಬಂತು,
ಸೆಲ್ವಮಣಿಯ ತಾಯಿ ಬಂದರು:
ನಮ್ಮ ಮನೇಲಿ ಅದಕ್ಕೆ ಪೋಳಿ ಅಂತಾರೆ.

ಹಾಲಪ್ಪನವರು ಕನ್ನಡಕ ತೆಗೆದಿಟ್ಟರು.
ಟೆಲಿಗ್ರಾಫಿನಲ್ಲಿ ಪದಕ್ಕಿಷ್ಟು ಪೈಸೆ ಎಣಿಸಿ
ಸವೆದ ಬೆರಳು.
'ಪೋಳಿಯೂ ಸಾಕು, ಪೋಲಿ ಮಾತೂ ಸಾಕು'
ಎಂದು ಚೀಟಿ ಅಂಟಿಸಿದರು:
ತಂತಿಯ ಮೇಲೆ ತಂತಿಯ ಮಾತು ಮಾತ್ರ.

ಹನ್ನೊಂದು ರಾತ್ರಿ ನಾವು ಎಷ್ಟು ಸಭ್ಯರಾಗಿದ್ದೆವು!
ಫ್ಯಾನಿನ ಸದ್ದಿಗೂ ನಾಚಿಕೆ.

ಹನ್ನೆರಡನೆಯ ರಾತ್ರಿ, ಶೇಷಾದ್ರಿಪುರದ ಬಳಿ
ಜಲಮಂಡಳಿಯವರ ಗುದ್ದಲಿ
ನೀರು ಹುಡುಕುತ್ತ ನಮ್ಮನ್ನು ಕಡಿಯಿತು.
ಒಂದು ಗಂಟೆಗೆ ಕಡಿದದ್ದು.
ಪಕ್ಕದ ಕೋಣೆ ಮರ್ಯಾದೆ ಪಾಲಿಸುತ್ತಿದೆ ಎಂದುಕೊಂಡು
ನಾಲ್ಕೂ ಕೋಣೆ ನಾಲ್ಕರವರೆಗೆ ಸುಮ್ಮನಿದ್ದವು.
ಸಿದ್ಧ ಉಡುಪಿನ ಸಾಹುಕಾರನೊಬ್ಬ
ಫೋನಿನಲ್ಲಿ ಬೈದು ತಿಳಿಸಬೇಕಾಯಿತು.

ಮರ್ಯಾದೆಗೂ ಸಾವಿಗೂ
ಆ ಪರದೆಯಲ್ಲಿ ಒಂದೇ ಬಣ್ಣ.

ಮರುರಾತ್ರಿ ಹಾಲಪ್ಪನವರು
ಚೀಟಿಯನ್ನು ಉಗುರಿನಿಂದ ಕೆರೆದರು.
ಗೋಂದು ಹೋಗಲಿಲ್ಲ.
ಹನ್ನೊಂದಕ್ಕೆ ಸರಿಯಾಗಿ, ಒಂದೇ ಬೆರಳಲ್ಲಿ,
ಪದ ಎಣಿಸಿ ಕುಟ್ಟಿದರು:
ಒಬ್ಬಟ್ಟಿಗೆ ಹಾಲು ಹಾಕುವವರು ಮನುಷ್ಯರೇ.
ಪ್ರಶ್ನೆಯ ಗುರುತಿಗೆ ಖರ್ಚು ಮಾಡಲಿಲ್ಲ.

ಅಬ್ಬಾ, ಆಮೇಲೆ!
ಅರ್ಧ ಗಂಟೆಗೊಬ್ಬರು ಸಿಡುಕಲೇಬೇಕು,
ಇಲ್ಲದಿದ್ದರೆ ಪಕ್ಕದ ಕೋಣೆಯಿಂದ ಗಾಬರಿ:
'ಯಾಕ್ರೀ ಸೆಲ್ವಮಣಿ, ಬೇಜಾರಾ?'

ಆಷಾಢದ ಒಂದು ಗಾಳಿ ರಾತ್ರಿ,
ಎರಡೂ ಮುಕ್ಕಾಲು. ಫಿಲೋಮಿನಾ ರೇಗಿದ್ದಳು.
ಕೊನೇ ಸಲ ಹೇಳ್ತಿದೀನಿ, ಒಬ್ಬಟ್ಟಿಗೆ ತುಪ್

ಅಷ್ಟೇ.
ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದದ್ದು
ತಂತಿಯಿಲ್ಲದೆಯೂ ನನಗೆ ಕೇಳಿಸಿತು.
ಇನಾಯತನ ಲ್ಯಾಂಬ್ರೆಟ್ಟಾ ಹೊಸೂರು ರಸ್ತೆಯಿಂದ,
ಈ ಕಡೆಯಿಂದ ಟಾರ್ಚು, ಏಣಿ, ನಾನು.
ಲಾಲ್‌ಬಾಗಿನ ಗೋಡೆಯ ಪಕ್ಕ, ಮ್ಯಾನ್‌ಹೋಲಿನ ಒಳಗೆ
ಕೇಬಲ್ಲಿನ ರಬ್ಬರನ್ನು ನೀಟಾಗಿ ಸುಲಿದಿಟ್ಟ ಹೆಗ್ಗಣ.
ಅದಕ್ಕೆ ಹಾಲೂ ಬೇಡ, ತುಪ್ಪವೂ ಬೇಡ.

ಎಳೆಗೆ ಎಳೆ ಹೊಸೆದು
ವಾಪಸು ಬಂದು ಕೂತಾಗ ಮಂಡಿಯೆಲ್ಲ ಕೆಸರು.
ಪರದೆ ಒಮ್ಮೆ ಮಿಟುಕಿತು.
ಪರೀಕ್ಷೆಯ ಅಂಕಿಗಿಂತ ಮುಂಚೆ,
ಹಲೋಗಿಂತ ಮುಂಚೆ,
ಎಲ್ಲೋ ಕತ್ತಲಲ್ಲಿ ಕಾದಿದ್ದು ಬಂತು
ಬಾಕಿ ಇದ್ದ ಒಂದು ಪ.

ಹಾಲಪ್ಪನವರು ದಿನಚರಿ ಪುಸ್ತಕ ಎಳೆದುಕೊಂಡರು.
ಐದು ಹನ್ನೆರಡು. ಪ ತಲುಪಿದೆ.

ನಾನು, ಅವಳ ಸಾಲಿನ ಕೆಳಗೆ,
ಸರಿಯಾಗಿ ಕೆಳಗೇ, ಬರೆದೆ:
ಹಾಲು.